ಮೂಳೆಗಿಳಿದ ನೀರು

ಜುಲೈ 11, 2024, ಗುರುವಾರ

ಇವರು ಇಂದು ರೇಷ್ಮೆಹುಳದ ಮನೆಯಲ್ಲಿ ಬಿದ್ದರು. ನೆಲ ಒಣಗಿತ್ತು, ಕಾಲಿಗೆ ಸಿಕ್ಕುವಂಥದ್ದೇನೂ ಇರಲಿಲ್ಲ. ಸೊಪ್ಪು ಹಾಕುತ್ತಾ ಪಕ್ಕದ ರ‍್ಯಾಕಿನ ಕಡೆ ತಿರುಗಿದ್ದಾರೆ, ಮೈ ತಿರುಗಿದೆ, ಕಾಲು ತಿರುಗಿಲ್ಲ. ನಾನು ಮುಳಬಾಗಿಲಿನಿಂದ ಕಾಲೇಜು ಮುಗಿಸಿ ಬಂದು ಸ್ಕೂಟಿ ನಿಲ್ಲಿಸುವಾಗ ಅತ್ತೆ ಅಂಗಳದಲ್ಲಿ ಕೂಗುತ್ತಿದ್ದರು. ಇಪ್ಪತ್ತು ವರ್ಷದಿಂದ ಅವರ ಬೆನ್ನು ಬಾಗಿಯೇ ಇದೆ. ನೆಲವನ್ನೇ ಕರೆಯುತ್ತಿರುವ ಹಾಗೆ ಕೇಳಿಸಿತು.

"ಸುನಂದಾ, ಅಮರನಾಥ ಬಿದ್ಬಿಟ್ಟ ಕಣಮ್ಮ. ನನ್ ಕೈಲಿ ಎತ್ತೋಕಾಗ್ತಿಲ್ಲ!"

ಒಳಗೆ ಇವರು ಹಿಪ್ಪುನೇರಳೆ ಸೊಪ್ಪಿನ ಮೇಲೆ ಅಂಗಾತ ಮಲಗಿದ್ದರು. "ಮೇಡಮ್ಮೋರು ಬಂದ್ರಾ? ಅಟೆಂಡೆನ್ಸ್ ಹಾಕ್ಕೊಳ್ಳಿ, ನಾನು ಇಲ್ಲೇ ಇದೀನಿ," ಎಂದರು.

ಎತ್ತಿ ಕೂರಿಸಿದ ಮೇಲೆ ನೋಡಿದೆ. ಹುಳದ ಮನೆಯೊಳಗೆ ಯಾರಾದರೂ ಚಪ್ಪಲಿ ಕಾಲಿಟ್ಟರೆ ಜಗಳಕ್ಕೇ ನಿಲ್ಲುವ ಮನುಷ್ಯ ಇವರು. ಎಡಗಾಲಿನ ಚಪ್ಪಲಿ ಬಾಗಿಲ ಹೊರಗಿತ್ತು. ಬಲಗಾಲಿನದು ಕಾಲಲ್ಲೇ ಇತ್ತು.

"ಇದೇನ್ರೀ?"

ನೋಡಿಕೊಳ್ಳಲು ಕುತ್ತಿಗೆ ಬಗ್ಗಲಿಲ್ಲ. ಕಾಲನ್ನೇ ಮೇಲೆತ್ತಿ ನೋಡಿಕೊಂಡರು. "ಎರಡೂ ಬಿಟ್ಟೇ ಬಂದೆ ಅಂದ್ಕೊಂಡಿದ್ದೆ," ಎಂದರು. ಆಗ ಮುಖದಲ್ಲಿ ತಮಾಷೆ ಇರಲಿಲ್ಲ.

ಎರಡು ವರ್ಷದಿಂದ ಕುತ್ತಿಗೆ ಹಿಡಿದಿದೆ, ಕೈ ಜೋಮು ಹಿಡಿಯುತ್ತದೆ ಎನ್ನುತ್ತಲೇ ಇದ್ದರು. ಕರೆದರೆ ಮೈಯನ್ನೆಲ್ಲ ತಿರುಗಿಸಿ ನೋಡುತ್ತಿದ್ದರು. ನಾನು ಅದನ್ನು ಕಂಡು ನಗುತ್ತಿದ್ದೆ. ಸೋಮವಾರ ರಜೆ ಹಾಕಿ ಕೋಲಾರಕ್ಕೆ ಕರೆದೊಯ್ಯುತ್ತೇನೆ. ಹುಳ, ಸೊಪ್ಪು ಎಂದು ಏನೇನೋ ಹೇಳಿದರು. ಕೇಳಲಿಲ್ಲ.

ಜುಲೈ 15, ಸೋಮವಾರ

ಮೂಳೆ ಡಾಕ್ಟರು ಅರುಣ್‌ಕುಮಾರ್ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಸಿಕ್ಕಿಸಿ ನನ್ನನ್ನು ಹತ್ತಿರ ಕರೆದರು. ನಾನು ಬಯಾಲಜಿ ಲೆಕ್ಚರರ್ ಎಂದು ಇವರು ಬಾಗಿಲಲ್ಲೇ ಹೇಳಿಬಿಟ್ಟಿದ್ದರು.

ಪಾಠದ ಚಿತ್ರಗಳಲ್ಲಿ ಮೂಳೆಯ ಒಳಗೆ ಜೇನುಗೂಡಿನಂಥ ನೇಯ್ಗೆ ಕಾಣುತ್ತದೆ. ಇವರ ಬೆನ್ನುಮೂಳೆ ಸೀಮೆಸುಣ್ಣದಷ್ಟು ಬೆಳ್ಳಗಿತ್ತು. ನೇಯ್ಗೆ ಇರಲಿಲ್ಲ. ಒಂದು ಮಣಿ ಇನ್ನೊಂದಕ್ಕೆ ಅಂಟಿಕೊಂಡಿತ್ತು. ಮುಂಗೈಯ ಎರಡು ಮೂಳೆಗಳ ನಡುವೆ ತೆಳುವಾದ ಪೊರೆಯೊಂದಿರುತ್ತದೆ. ಆ ಪೊರೆಯಲ್ಲಿ ಜಾಲಿಮುಳ್ಳಿನಂಥ ಮೊನೆಗಳು ಎದ್ದಿದ್ದವು.

"ಫ್ಲೋರೋಸಿಸ್. ಆಳದ ಬೋರ್‌ವೆಲ್ ನೀರಿಂದ ಬರೋದು. ನಮ್ಮ ಕಡೆ ಹೊಸದೇನಲ್ಲ. ಯಾವ ನೀರು ಕುಡೀತೀರಿ?"

"ಹನ್ನೆರಡು ವರ್ಷದಿಂದ ಫಿಲ್ಟರ್ ನೀರೇ ಸಾರ್," ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಮಗಳು ಅನಿತಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವುಗಳ ಮೇಲೆ ಕಂದು ಗೆರೆಗಳಿದ್ದವು. ಅಂದಿನಿಂದ ಶುದ್ಧ ನೀರಿನ ಘಟಕದಲ್ಲಿ ದಿನಕ್ಕೊಂದು ಕ್ಯಾನ್ ತುಂಬಿಸಿ ಸ್ಕೂಟಿಯಲ್ಲಿಟ್ಟು ತರುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ.

"ಹಾಗಾದ್ರೆ ಅದಕ್ಕೂ ಹಿಂದಿನದಿರಬೇಕು," ಎಂದರು ಡಾಕ್ಟರು, ಪೂರ್ತಿ ಒಪ್ಪದವರ ಹಾಗೆ. ನೀರಿನ ಸರ್ವೆಯವರನ್ನು ಮನೆಗೆ ಕಳಿಸುತ್ತಾರಂತೆ. ಕುತ್ತಿಗೆಗೆ ಎಂಆರ್‌ಐ ಬರೆದುಕೊಟ್ಟರು.

ಜುಲೈ 24

ಎಂಆರ್‌ಐ ನೋಡಿದ ಬೆಂಗಳೂರಿನ ಸರ್ಜನ್ ನನಗಿಂತ ಚಿಕ್ಕ ಹೆಂಗಸು. ಸುತ್ತಿ ಬಳಸಿ ಮಾತಾಡಲಿಲ್ಲ. ಕುತ್ತಿಗೆಯಲ್ಲಿ ಮೂಳೆ ಒಳಮುಖವಾಗಿ ಬೆಳೆದಿದೆ. ಬೆನ್ನುಹುರಿ ಇಳಿಯುವ ದಾರಿ ಕಿರುಬೆರಳು ತೂರುವಷ್ಟಾದರೂ ಇರಬೇಕಾದಲ್ಲಿ ಬಳಪದ ಕಡ್ಡಿ ತೂರುವಷ್ಟಿದೆ. ಹಿಂದಿನಿಂದ ಮೂಳೆ ತೆಗೆದು ಜಾಗ ಮಾಡಬೇಕು.

"ಈಗ ನಡೀತಿದಾರೆ. ನಡೀತಿರುವಾಗಲೇ ಮಾಡಿಸಿದ್ರೆ ನಡಿಗೆ ಉಳಿಯುತ್ತೆ. ಮಲಗಿದ ಮೇಲೆ ಕರ್ಕೊಂಡು ಬಂದ್ರೆ ನಾನು ಯಾವ ಮಾತೂ ಕೊಡಲ್ಲ."

ಆಗಸ್ಟ್ 20ಕ್ಕೆ ದಿನ ಗೊತ್ತು ಮಾಡಿಕೊಂಡು ಬಂದೆ. ದಾರಿಯುದ್ದಕ್ಕೂ ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊಸಕೋಟೆ ದಾಟಿದ ಮೇಲೆ, "ಮೂಳೆ ತೆಗೆದ್ರೆ ತಲೆ ನಿಲ್ಲುತ್ತೇನೇ?" ಎಂದು ಕೇಳಿದರು. ನಿಲ್ಲುತ್ತದೆ ಎಂದೆ.

ಜುಲೈ 28, ಭಾನುವಾರ

ಪಕ್ಕದ ಹೊಲದ ಮುನಿರಾಮಪ್ಪ ಬಂದಿದ್ದರು. ಇವರ ಹಳೆಯ ಸ್ನೇಹಿತರು, ಒಟ್ಟಿಗೆ ಹುಳ ಸಾಕಲು ಕಲಿತವರು. ಬಂದವರೇ ತಮ್ಮ ಕುತ್ತಿಗೆಯನ್ನು ಮುಟ್ಟಿ ತೋರಿಸುತ್ತಾ, "ಬಾವಾ, ವದ್ದು, ಬೇಡ. ಇಲ್ಲಿ ಕತ್ತಿ ಇಡಿಸ್ಕೋಬೇಡ. ಶ್ರೀನಿವಾಸಪುರದಲ್ಲಿ ನಮ್ಮ ಷಡ್ಡಕ ಇಡಿಸ್ಕೊಂಡು ಬಂದ. ಮಂಚದ ಮೇಲೆ ಮಲಗಿದೋನು ಇವತ್ತಿಗೂ ಎದ್ದಿಲ್ಲ," ಎಂದರು.

ಇವರ ಮುಖ ಬಿಳುಪೇರಿತು. ನಾನು ಅಡುಗೆಮನೆಯಿಂದ ಬಂದೆ.

"ಮುನಿರಾಮಪ್ಪಾ, ನಿಮ್ಮ ಷಡ್ಡಕರು ಮಲಗಿದ ಮೇಲೆ ಆಸ್ಪತ್ರೆಗೆ ಹೋದ್ರು. ಇವರು ನಡ್ಕೊಂಡು ಹೋಗ್ತಾರೆ, ನಡ್ಕೊಂಡು ಬರ್ತಾರೆ. ಕಾಫಿ ಆರೋಗುತ್ತೆ, ಕುಡೀರಿ."

"ಆಯ್ತಲ್ಲಪ್ಪಾ," ಎಂದರು ಇವರು, ಸ್ನೇಹಿತನ ಕಡೆ ಇಡೀ ಮೈ ತಿರುಗಿಸಿ. "ಈ ಮನೇಲಿ ನಾನು ಯಜಮಾನ ಬರೀ ಹುಳಕ್ಕೆ. ಮಿಕ್ಕಿದ್ದೆಲ್ಲ ಮೇಡಮ್ಮೋರ ಆರ್ಡರ್."

ಹಿಂದೆ ಇವರ ಹರ್ನಿಯಾ ಆಪರೇಷನ್ನಿಗೂ ಹೀಗೇ ಎಳೆದುಕೊಂಡು ಹೋಗಬೇಕಾಯಿತು. ಅಂದೂ ಬಸ್ ಸ್ಟ್ಯಾಂಡಿನವರೆಗೆ ಬೇಡ ಬೇಡ ಎನ್ನುತ್ತಲೇ ಬಂದಿದ್ದರು. ನನಗೆ ಸಿಟ್ಟು ಬರುವುದಿಲ್ಲ ಈಗ. ಹೆದರಿದವರನ್ನು ಕೈಹಿಡಿದು ನಡೆಸುವುದೂ ಒಂದು ಕೆಲಸ, ಅದು ನನ್ನ ಪಾಲಿಗೆ ಬಂದಿದೆ.

ಆಗಸ್ಟ್ 2

ಅಸ್ಥಿಪಂಜರದ ಪಾಠ ಮುಗಿಸಿದೆ. ಮೂಳೆ ಎಂದರೆ ಒಣಕಟ್ಟಿಗೆ ಎಂದು ಮಕ್ಕಳು ತಿಳಿದಿರುತ್ತಾರೆ. ಅದು ನಮ್ಮನ್ನು ನಿಲ್ಲಿಸುತ್ತದೆ, ಮಿದುಳನ್ನೂ ಹೃದಯವನ್ನೂ ಕಾಯುತ್ತದೆ, ಒಳಗೊಳಗೇ ರಕ್ತ ಹುಟ್ಟಿಸುತ್ತದೆ, ಸುಣ್ಣವನ್ನು ಕಣಜದಂತೆ ತುಂಬಿಟ್ಟುಕೊಂಡು ಬೇಕಾದಾಗ ಕೊಡುತ್ತದೆ. ದಿನವೂ ತನ್ನನ್ನು ಒಂದಿಷ್ಟು ಕರಗಿಸಿಕೊಂಡು ಒಂದಿಷ್ಟು ಕಟ್ಟಿಕೊಳ್ಳುತ್ತದೆ ಎಂದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ಬೇಡದ್ದು ಬಂದ್ರೆ ವಾಪಸ್ ಕಳಿಸಲ್ವಾ?" ಎಂದಳು.

ಇಲ್ಲ ಎಂದೆ. ಸುಣ್ಣದ ಜೊತೆಗೆ ಹೊಂದಿಕೊಳ್ಳುವಂಥದ್ದು ಏನು ಬಂದರೂ ಮೂಳೆ ಅದನ್ನು ತನ್ನದಾಗಿಸಿಕೊಂಡುಬಿಡುತ್ತದೆ.

ಸಂಜೆ ಕವಿತೆಗಳ ಪುಸ್ತಕಗಳನ್ನು ಕೆಳಗಿಳಿಸಿ ತಿರುವಿದೆ. ಎದೆ, ಕಣ್ಣು, ತುಟಿ, ಅಂಗೈ ಎಲ್ಲ ಇವೆ. ಬೆನ್ನಿನ ಬಗ್ಗೆ, ನಿಲ್ಲುವುದರ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಕವಿಗಳಿಗೂ ನಿಂತಿರುವವರೆಗೆ ಅದರ ನೆನಪಾಗುವುದಿಲ್ಲವೇನೋ.

ಆಗಸ್ಟ್ 8, ಗುರುವಾರ

ಸರ್ವೆಯ ಹುಡುಗ ಬಂದಿದ್ದ. ಮುರಳಿಮೋಹನ್ ಅಂತೆ, ಮಾಲೂರಿನವನು. ಇವರು ಸೊಪ್ಪು ಕೊಯ್ಯಿಸಲು ತೋಟಕ್ಕೆ ಹೋಗಿದ್ದರು. ನನ್ನನ್ನೂ ಅತ್ತೆಯನ್ನೂ ನಿಲ್ಲಿಸಿ, ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಿ ಎಂದ.

ಅತ್ತೆ, "ನಾನು ಯಾವಾಗ್ಲೂ ಮುಟ್ಕೊಂಡೇ ಇರ್ತೀನಿ ಬಿಡಪ್ಪಾ, ಎದ್ದೇಳಿಸೋಕೆ ಬರುತ್ತಾ ನೋಡು," ಎಂದರು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನ್ನ ಬೆರಳುಗಳು ಮಂಡಿಗಿಂತ ಒಂದು ಗೇಣು ಕೆಳಗೆ ನಿಂತುಬಿಟ್ಟವು. ವಯಸ್ಸು ಎಂದೆ. ಏನೋ ಬರೆದುಕೊಂಡ.

"ಕುಡಿಯೋದಕ್ಕೆ ಕ್ಯಾನ್ ನೀರು. ಅಡುಗೆಗೆ?"

"ಬೋರ್ ನೀರು. ಕುದಿಸ್ತೀವಲ್ಲ."

ಬರೆಯುವುದನ್ನು ನಿಲ್ಲಿಸಿದ. "ಅನ್ನ, ಮುದ್ದೆ, ಸಾರು, ಕಾಫಿ, ಎಲ್ಲ ಅದರಲ್ಲೇನಾ?"

"ಹೂಂ."

"ಕುದಿಸಿದ್ರೆ ಕ್ರಿಮಿ ಸಾಯುತ್ತೆ ಮೇಡಂ. ಫ್ಲೋರೈಡ್ ಎಲ್ಲಿಗೆ ಹೋಗುತ್ತೆ? ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ತಾವು ಬಯಾಲಜಿ ಅಲ್ವಾ?"

ಕುಹಕವಿರಲಿಲ್ಲ. ನಿಜಕ್ಕೂ ಆಶ್ಚರ್ಯಪಟ್ಟಿದ್ದ. ಕುಹಕವಿದ್ದರೆ ಉತ್ತರ ಕೊಡಬಹುದಿತ್ತು.

ಫಿಲ್ಟರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಮುದ್ದೆಗೆ ರುಚಿ ಹತ್ತುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು, ನಿಜ. ಆದರೆ ಅದು ಸಬೂಬು. ಕುಡಿಯುವುದಕ್ಕೆ ಒಂದು ಕ್ಯಾನ್ ಸಾಕಾಗುತ್ತಿತ್ತು. ಅಡುಗೆಗೂ ಬೇಕೆಂದರೆ ಎರಡು ಸಲ ಹೋಗಬೇಕಾಗುತ್ತಿತ್ತು. ಕುದಿಸಿದರೆ ಶುದ್ಧ ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳಿಗೂ ಹೇಳಿರಬೇಕು.

ಹೊಲದಲ್ಲಿ ದುಡಿಯುವವರು ಎಂದು ಇವರು ಎರಡು ಮುದ್ದೆ ಉಂಡರೆ ಮೂರನೆಯದನ್ನು ಬಲವಂತ ಮಾಡಿ ತಟ್ಟೆಗೆ ಹಾಕುತ್ತಿದ್ದವಳು ನಾನು.

ಆಗಸ್ಟ್ 9

ಕ್ಯಾನ್ ನೀರಿನಲ್ಲೇ ಅಡುಗೆ ಮಾಡಿದೆ. ಬೇಳೆ ಚೆನ್ನಾಗಿಯೇ ಬೆಂದಿತ್ತು. ಯಾರೂ ಏನೂ ಅನ್ನಲಿಲ್ಲ.

ಆಗಸ್ಟ್ 14

ಮುರಳಿಮೋಹನ್ ಹೇಳಿದ್ದನೆಂದು ಕಾಲೇಜಿನ ದಾರಿಯಲ್ಲಿ ಮುಂಗೈ ಎಕ್ಸ್‌ರೇ ತೆಗೆಸಿದೆ. ನನ್ನದರಲ್ಲೂ ಮೊನೆ ಎದ್ದಿದೆ. ಸಣ್ಣವು, ಶುರುವಿನವು.

ಅದನ್ನು ನೋಡಿದಾಗ ಒಂದು ಬಗೆಯ ನೆಮ್ಮದಿಯಾಯಿತು. ಹಾಳೆಯನ್ನು ಯಾರಿಗೂ ತೋರಿಸಿಲ್ಲ.

ಆಗಸ್ಟ್ 19, ಸೋಮವಾರ

ನಾಳೆ ಸೇರಬೇಕಿತ್ತು. ಚೀಲ ತುಂಬಿಸಿಟ್ಟಿದ್ದೆ. ಊಟವಾದ ಮೇಲೆ ಇವರು, "ಈ ಸಲ ಮರಿಹುಳ ಬಂದಿದ್ದೇ ತಡವಾಯ್ತು. ಇನ್ನೂ ನಾಲ್ಕನೇ ಜ್ವರದಲ್ಲಿವೆ, ಸೊಪ್ಪು ಬಿಟ್ಟು ಮಲಗಿವೆ, ಪೊರೆ ಬಿಟ್ಟಿಲ್ಲ. ಈಗ ಬಿಟ್ಟು ಹೋದ್ರೆ ಬೆಳೆ ಕೈಗೆ ಬರಲ್ಲ," ಎಂದರು.

ಹಿಂದಿನ ನಾನಾಗಿದ್ದರೆ ಮುನಿರಾಮಪ್ಪ ನೋಡಿಕೊಳ್ಳುತ್ತಾರೆ, ಏಳಿ ಎನ್ನುತ್ತಿದ್ದೆ. ಇವರ ಮೂಳೆಯನ್ನು ದಿನವೂ ಒಲೆಯ ಮೇಲೆ ಗಟ್ಟಿ ಮಾಡಿದವಳು ಈಗ ಅದನ್ನು ಕತ್ತರಿಸಿಕೊಳ್ಳಿ ಎಂದು ಯಾವ ಬಾಯಲ್ಲಿ ಹೇಳುವುದು?

"ನಿಮ್ಮಿಷ್ಟ," ಎಂದೆ.

ಮೈಯನ್ನೆಲ್ಲ ನನ್ನ ಕಡೆ ತಿರುಗಿಸಿದರು. "ನಿನಗೇನನ್ನಿಸುತ್ತೆ?"

"ನಿಮ್ಮ ಮೈ, ನಿಮ್ಮ ತೀರ್ಮಾನ. ನೀವು ಹೇಳಿದಾಗ ಹೋಗೋಣ."

ಆಸ್ಪತ್ರೆಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಇವರ ಮಾತಿಗೆ ಪೂರ್ತಿ ಬೆಲೆ ಕೊಟ್ಟಿದ್ದೇನೆ. ಇದನ್ನು ಎಂದೋ ಕಲಿಯಬೇಕಿತ್ತು.

ಸೆಪ್ಟೆಂಬರ್ 1

ಹುಳ ಹಣ್ಣಾಗಿ ಗೂಡು ಕಟ್ಟಿವೆ. ಬೆಳೆ ಚೆನ್ನಾಗಿದೆ. ಗೂಡು ಬಿಡಿಸಲು ಇವರ ಬೆರಳುಗಳು ಬರಲಿಲ್ಲ. ಪಕ್ಕದಲ್ಲಿ ಕುಳಿತು ನೋಡಿದರು.

ಸೆಪ್ಟೆಂಬರ್ 6, ಗೌರಿ ಹಬ್ಬ

ಅತ್ತೆ ಕುರುಡುಮಲೆ ಗಣಪನಿಗೆ ಹರಕೆ ಹೊತ್ತಿದ್ದಾರೆ. ಮಗ ನೆಟ್ಟಗೆ ನಡೆದರೆ ಅವನ ಕೈಯಲ್ಲೇ ಕಡುಬು ಒಪ್ಪಿಸುತ್ತಾರಂತೆ.

ಇವರು ಅಂಗಿ ಗುಂಡಿ ಹಾಕಿಕೊಳ್ಳಲಾಗದೆ ನನ್ನ ಮುಂದೆ ನಿಂತರು. ಹಾಕುತ್ತಿದ್ದಾಗ, "ಆ ಡಾಕ್ಟ್ರಮ್ಮ ಏನಾದ್ರೂ ಫೋನ್ ಮಾಡಿದ್ರಾ?" ಎಂದರು.

"ಇಲ್ಲ. ಮಾಡ್ಲಾ?"

"ನೋಡು."

"ನೀವು ಹೇಳಿ."

ಅಂಗಿ ಎಳೆದುಕೊಂಡು ಹೊರಗೆ ಹೋದರು. ಮೊನ್ನೆಯೂ ಇದನ್ನೇ ಕೇಳಿದ್ದರು.

ಸೆಪ್ಟೆಂಬರ್ 15, ಭಾನುವಾರ

ಅನಿತ ಮೈಸೂರಿನ ಹಾಸ್ಟೆಲಿನಿಂದ ಫೋನ್ ಮಾಡಿ ಕೂಗಾಡಿದಳು. "ಅಮ್ಮಾ, ನನ್ನ ಪಿಯುಸಿ ಕಾಂಬಿನೇಷನ್ನೇ ನನ್ನ ಕೇಳ್ದೆ ಹಾಕ್ದೋಳು ನೀನು. ಅಪ್ಪನಿಗೆ ಮಾತ್ರ ನಿಮ್ಮಿಷ್ಟ ಅಂತೀಯಾ? ಏನಾಗಿದೆ ನಿನಗೆ?"

ಏನೂ ಆಗಿಲ್ಲ ಎಂದೆ. ಅವಳು ಚಿಕ್ಕವಳು. ಒಬ್ಬರ ದೇಹದ ಮೇಲೆ ಇನ್ನೊಬ್ಬರಿಗೆ ಎಷ್ಟು ಹಕ್ಕಿದೆ ಎಂಬುದು ಅವಳಿಗೆ ಮುಂದೆ ತಿಳಿಯುತ್ತದೆ.

ಸೆಪ್ಟೆಂಬರ್ 23

ಪಿತೃಪಕ್ಷ. ಮಹಾಲಯ ಅಮಾವಾಸ್ಯೆ ಕಳೆಯಲಿ ಎಂದರು. ಸರಿ ಎಂದೆ.

ಅಕ್ಟೋಬರ್ 3

ಹುಳದ ಮನೆಯಿಂದ ಮನೆಗೆ ಬರಲು ಗೋಡೆ ಹಿಡಿದುಕೊಳ್ಳುತ್ತಾರೆ. ಅತ್ತೆ ತಮ್ಮ ಕೋಲನ್ನು ಚಾಚಿ, "ತಗೋಳೋ. ನಾನು ಹೆಂಗಿದ್ರೂ ನೆಲದ ಹತ್ರಾನೇ ಇದೀನಿ, ಬಿದ್ರೂ ದೂರ ಬೀಳಲ್ಲ," ಎಂದರು. ಇವರು ನಕ್ಕರು. ಕೋಲು ತೆಗೆದುಕೊಂಡರು. ಅದು ಗಿಡ್ಡವಾಯಿತು. ಹೊಸದು ತರಿಸಿದೆ.

ಅಕ್ಟೋಬರ್ 11, ಆಯುಧಪೂಜೆ

ಕುರ್ಚಿಯಲ್ಲಿ ಕುಳಿತೇ ಸೊಪ್ಪು ಕತ್ತರಿಸುವ ಯಂತ್ರಕ್ಕೆ ಕುಂಕುಮ ಇಟ್ಟರು. ಫೋನ್ ಬಂತೇ ಎಂದು ಇಂದು ಕೇಳಲಿಲ್ಲ. ಕೇಳುವುದನ್ನು ಬಿಟ್ಟು ಒಂದು ವಾರವಾಯಿತೇನೋ.

ಕವಿತೆಯ ಪುಸ್ತಕ ಮುಟ್ಟಿ ಬಹಳ ದಿನವಾಗಿದೆ.

ಅಕ್ಟೋಬರ್ 17

ಬೆಳಿಗ್ಗೆ ಏಳಲು ಆಗಲಿಲ್ಲ. ಹಾಸಿಗೆ ಒದ್ದೆಯಾಗಿತ್ತು. ಒದ್ದೆಯಾದದ್ದು ಇವರಿಗೆ ಗೊತ್ತಾಗಿರಲಿಲ್ಲ. ಕಾಲು ಚಿವುಟಿದೆ. "ಚಿವುಟು," ಎಂದರು. ಚಿವುಟುತ್ತಲೇ ಇದ್ದೆ.

ಆಂಬುಲೆನ್ಸಿನಲ್ಲಿ ಮುನಿರಾಮಪ್ಪನೂ ಬಂದರು. ದಾರಿಯುದ್ದಕ್ಕೂ ಇವರ ಕಾಲು ಹಿಡಿದುಕೊಂಡೇ ಕುಳಿತಿದ್ದರು.

ಅಕ್ಟೋಬರ್ 19

ಐದು ಗಂಟೆ ಒಳಗಿಟ್ಟುಕೊಂಡಿದ್ದರು. ಸರ್ಜನ್ ಹೊರಗೆ ಬಂದು ಮಾಸ್ಕ್ ಕೆಳಗೆ ಎಳೆದುಕೊಂಡರು. "ಆಗಸ್ಟ್ ಇಪ್ಪತ್ತಕ್ಕೆ ಡೇಟ್ ಕೊಟ್ಟಿದ್ನಲ್ಲ?" ಎಂದರು.

ಇವರು ಒಪ್ಪಲಿಲ್ಲ ಎಂದೆ.

ಕೈಗೆ ಸ್ವಲ್ಪ ಬಲ ಬರಬಹುದಂತೆ. ಕಾಲಿನ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ ಎಂದರು.

ನವೆಂಬರ್ 10, ಭಾನುವಾರ

ಮನೆಗೆ ಬಂದು ಎಂಟು ದಿನ. ನಡುಮನೆಯಲ್ಲಿ ಮಂಚ ಹಾಕಿದ್ದೇವೆ. ಹುಳದ ಮನೆಯ ರ‍್ಯಾಕುಗಳು ಖಾಲಿ ಇವೆ. ಅನಿತ ಬಂದು ನಿನ್ನೆ ಹೋದಳು. ನನ್ನೊಡನೆ ಹೆಚ್ಚು ಮಾತಾಡಲಿಲ್ಲ.

ಮಧ್ಯಾಹ್ನ ಅನ್ನ ಸಾರು ತಿನ್ನಿಸಿದ ಮೇಲೆ ತಡೆಯಲಾಗಲಿಲ್ಲ. "ರೀ, ನಿಮಗೊಂದು ಹೇಳ್ಬೇಕು," ಎಂದೆ. ಮುರಳಿಮೋಹನ್ ಬಂದದ್ದು, ಕೇಳಿದ್ದು, ಬೋರ್ ನೀರಿನಲ್ಲಿ ಕುದಿಸಿದ ಹನ್ನೆರಡು ವರ್ಷದ ಅನ್ನ, ಸಾರು, ಮುದ್ದೆ, ನನ್ನ ಎಕ್ಸ್‌ರೇ ಎಲ್ಲ ಹೇಳಿದೆ. ತಪ್ಪಾಯಿತು ಎಂದು ಎಷ್ಟು ಸಲ ಹೇಳಿದೆನೋ.

ಸೂರು ನೋಡುತ್ತಾ ಕೇಳಿಸಿಕೊಂಡರು.

"ಅಮ್ಮ ಒಲೆ ಮುಂದೆ ಕೂತಿದ್ದಾಗ್ಲೂ ಅದೇ ನೀರು. ಗೊತ್ತಿದ್ದು ಹಾಕಿದ್ಯಾ?"

"ಇಲ್ಲ."

"ಮತ್ತೆ ಅದಕ್ಯಾಕೆ ಅಳ್ತೀಯ?" ಎಂದರು. "ಆ ಹುಡುಗ ಯಾವತ್ತು ಬಂದಿದ್ದ?"

"ಆಗಸ್ಟ್ ಎಂಟು."

ತುಟಿ ಅಲುಗಿಸದೆ ಏನನ್ನೋ ಎಣಿಸಿದ ಹಾಗಿತ್ತು.

"ಅದಕ್ಕಾ?"

"ಏನು?"

"ನಿಮ್ಮಿಷ್ಟ, ನಿಮ್ಮಿಷ್ಟ ಅಂತ ಶುರು ಹಚ್ಕೊಂಡಿದ್ದು."

ಅವರ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದೆ.

"ಸುನಂದಾ, ನನಗೆ ಭಯ ಆಗಿತ್ತು ಕಣೇ. ಬೇಡ ಅಂದೆ. ನಾನು ಯಾವತ್ತೂ ಬೇಡ ಅಂತೀನಿ, ನೀನು ಎಳ್ಕೊಂಡು ಹೋಗ್ತೀಯ. ಆವತ್ತು ನೀನು ಎಳೀಲಿಲ್ಲ. ಓದಿರೋಳು, ಆ ಸ್ಕ್ಯಾನು ಗೀನು ಎಲ್ಲ ಅರ್ಥ ಆಗೋಳು, ಇವಳೇ ಸುಮ್ಮನಾದ್ಲು ಅಂದ್ರೆ ಇನ್ನೇನೂ ಉಳಿದಿಲ್ಲ ಅಂದ್ಕೊಂಡೆ. ಮಾಡಿಸಿದ್ರೂ ಅಷ್ಟೇ ಅಂತ ಇವಳಿಗೆ ಗೊತ್ತಿದೆ, ಹೇಳೋಕೆ ಬಾಯಿ ಬರ್ತಿಲ್ಲ ಅಂತ. ಡಾಕ್ಟ್ರಮ್ಮ ಫೋನ್ ಮಾಡಿದ್ರಾ ಅಂತ ಕೇಳ್ತಾನೇ ಇದ್ನಲ್ಲ, ಯಾಕೆ ಕೇಳ್ತಿದಾನೆ ಅಂದ್ಕೊಂಡೆ ನೀನು?"

ಹೊರಗೆ ಅತ್ತೆ ಯಾರೊಡನೆಯೋ ತೆಲುಗಿನಲ್ಲಿ ಮಾತಾಡುತ್ತಿದ್ದರು. ಮಗ ಹೇಗಿದ್ದಾನೆ ಎಂದು ಕೇಳುತ್ತಿದ್ದರೇನೋ, ಪರವಾಗಿಲ್ಲ ಎನ್ನುತ್ತಿದ್ದರು.

ಎರಡು ಗಂಟೆಗೊಮ್ಮೆ ಇವರ ಮಗ್ಗುಲು ಬದಲಿಸಬೇಕು. ಹೊತ್ತಾಗಿತ್ತು. ನರ್ಸ್ ಕಲಿಸಿದ ಹಾಗೆ ಹೆಗಲನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿದು, ಮರದ ದಿಮ್ಮಿಯನ್ನು ಹೊರಳಿಸುವಂತೆ, ನನ್ನ ಕಡೆಗೆ ಹೊರಳಿಸಿಕೊಂಡೆ. ಅವರ ಮುಖ ನನ್ನ ಮುಖದ ಎದುರಿಗೇ ಬಂತು.

"ನಾಳೆ ಹತ್ತು ಗಂಟೆಗೆ ಫಿಜಿಯೋಥೆರಪಿಯವರು ಬರ್ತಾರೆ," ಎಂದೆ. "ನೋವು ಅಂದ್ರೂ ನಾನು ಬಿಡಲ್ಲ. ಬೇಡ ಅಂದ್ರೆ ಕೇಳಲ್ಲ."

"ಈಗ ಹೇಳ್ತೀಯ," ಎಂದರು.

ಅತ್ತ ತಿರುಗಿಬಿಡಬೇಕು ಎಂದು ಅವರಿಗೆ ಅನ್ನಿಸಿದ್ದು ನನಗೆ ಕಂಡಿತು. ಕುತ್ತಿಗೆ ತಿರುಗುವುದಿಲ್ಲ. ಕಣ್ಣು ಮುಚ್ಚಿಕೊಂಡರು.